ಕಟ್ಟಿನಕೆರೆ ಮಾರ್ಕೆಟ್ ಹಿಂದಿನ ಸರ್ಕ್ಯುಲೇಟಿಂಗ್ ಲೈಬ್ರರಿ: ಸಾವಿನ ಸೀನ್ ಓದಿ ಅಳೋರಿಗೆ ಒಳ್ಳೆ ಜಾಗ

ಹಾಸನದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಉಳಿದಿರೋದೇ ಕಮ್ಮಿ, ಅದ್ರಲ್ಲೂ ಕನ್ನಡ ಕಾದಂಬರಿ ಇಷ್ಟೊಂದು ಇಟ್ಕೊಂಡಿರೋದು ನಂಗೆ ಗೊತ್ತಿರೋ ಹಾಗೆ ಇದೊಂದೇ. ಕಟ್ಟಿನಕೆರೆ ಮಾರ್ಕೆಟ್ ಹಿಂದಿನ ಗಲ್ಲಿ, ಮೆಟ್ಲು ಹತ್ತಿ ಮೇಲೆ ಹೋಗ್ಬೇಕು, ಬೋರ್ಡಿನ ಬಣ್ಣ ಹೋಗಿ ಅಕ್ಷರ ಕಾಣಲ್ಲ, ಕೆಳಗಡೆ ಬಾಳೆಎಲೆ ಮಾರೋರನ್ನ ಕೇಳಿದ್ರೆ ತೋರಿಸ್ತಾರೆ. ಡೆಪಾಸಿಟ್ ಕಟ್ಟಿದ್ರೆ ಒಂದ್ಸಲಕ್ಕೆ ಎರಡು ಪುಸ್ತಕ, ಹದಿನೈದು ದಿನ ಇಟ್ಕೋಬಹುದು. ಲೇಟಾದ್ರೆ ಫೈನ್ ಇದೆ, ಆದ್ರೆ ಮಳೆಗಾಲದಲ್ಲಿ ಸಕಲೇಶಪುರ, ಆಲೂರು ಕಡೆಯಿಂದ ಬರೋರಿಗೆ ಯಜಮಾನ್ರು ಹಾಕಲ್ಲ.

ಈ ರಿವ್ಯೂ ಬರೀತಿರೋದೇ ಆ ಯಜಮಾನ್ರಿಗೋಸ್ಕರ. ಕಥೆಯಲ್ಲಿ ಯಾರಾದ್ರೂ ಸತ್ರೆ ಬರೆಯೋರು ಆ ಜಾಗನ ಹೇಗೆ ದಾಟ್ತಾರೆ ಅಂತ ನೋಡೋದು ನಂಗೆ ಮೊದಲಿಂದ ಇರೋ ಚಟ, ಸಿನಿಮಾದಲ್ಲೂ ಅಷ್ಟೇ. ಸುಮಾರು ಜನಕ್ಕೆ ಹೇಳಿದ್ರೆ ಮುಖ ಸಿಂಡರಿಸ್ತಾರೆ, ಸಂಜೆ ಹೊತ್ತು ಅದೇನು ಮಾತು ಅಂತಾರೆ. ಇವ್ರು ಹಾಗಲ್ಲ. ಸಾವಿನ ಸೀನ್ ಚೆನ್ನಾಗಿ ಬರೆದಿರೋ ಪುಸ್ತಕ ಕೊಡಿ ಸಾರ್ ಅಂದ್ರೆ, ಕನ್ನಡಕ ಮೇಲೆತ್ತಿ, "ಯಾರು ಹೋಗ್ಬೇಕಮ್ಮಾ, ತಾಯಿನಾ, ಮಕ್ಕಳಾ, ಮೂಕಪ್ರಾಣಿನಾ?" ಅಂತ ಕೇಳಿದ್ರು. ಔಷಧಿ ಅಂಗಡಿಯೋರು ಜ್ವರ ಎಷ್ಟು ದಿನದಿಂದ ಅಂತ ಕೇಳ್ತಾರಲ್ಲ, ಹಾಗೆ. ಮಕ್ಕಳು ಅಂದೆ. ಏಣಿ ಹಾಕ್ಕೊಂಡು ಮೇಲಿನ ಸಾಲಿಂದ ಭೈರಪ್ಪನೋರ 'ಗೃಹಭಂಗ' ತೆಗೆದುಕೊಟ್ಟು, "ಪ್ಲೇಗಿನ ಭಾಗ ರಾತ್ರಿ ಓದ್ಬೇಡ, ಬೆಳಿಗ್ಗೆ ಓದು" ಅಂದ್ರು.

ಆ ಕಾಪಿ ಬಗ್ಗೆ ಹೇಳಲೇಬೇಕು. ಬೈಂಡಿಂಗ್ ಮಾಡಿಸಿದಾರೆ, ಆದ್ರೂ ಪ್ಲೇಗ್ ಬರೋ ಜಾಗದಲ್ಲಿ ಮಾತ್ರ ಹಾಳೆಗಳು ದಾರ ಬಿಟ್ಟಿವೆ, ಮೂಲೆಗಳು ಬೆರಳಾಡಿ ಕಂದು ಬಣ್ಣಕ್ಕೆ ತಿರುಗಿವೆ. ಬೇರೆ ಪುಟಗಳು ಇನ್ನೂ ಗಟ್ಟಿಯಾಗಿವೆ. ಒಂದ್ಕಡೆ ಯಾರೋ ಪೆನ್ಸಿಲಲ್ಲಿ "ಅಯ್ಯೋ ನಂಜಮ್ಮ" ಅಂತ ಬರೆದಿದಾರೆ, ಅದರ ಕೆಳಗೆ ಬೇರೆ ಕೈಬರಹದಲ್ಲಿ "ನಮ್ಮಜ್ಜಿನೂ ಹಿಂಗೇ" ಅಂತಿದೆ. ಪುಸ್ತಕದಲ್ಲಿ ಬರೆಯೋದು ನಂಗೆ ಇಷ್ಟ ಆಗಲ್ಲ, ಇದನ್ನ ಮಾತ್ರ ಅಳಿಸ್ಬೇಡಿ ಸಾರ್ ಅಂತ ಹೇಳಿ ಬಂದಿದೀನಿ. ನಮ್ಮ ಜಿಲ್ಲೆಯಲ್ಲಿ ಇಲಿ ಬಿತ್ತು ಅಂದ್ರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡ ಜನರ ಮೊಮ್ಮಕ್ಕಳು ಇನ್ನೂ ಎಷ್ಟೋ ಜನ ಇದಾರೆ. ಭೈರಪ್ಪನೋರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ, ಅವ್ರ ತಾಯಿನೂ ಪ್ಲೇಗಿಗೆ ಹೋದೋರೇ. 1970ರಲ್ಲಿ ಬಂದ ಪುಸ್ತಕ, 2025ರ ಸೆಪ್ಟೆಂಬರಲ್ಲಿ ಅವ್ರು ತೀರಿಕೊಂಡ ಮೇಲೆ ಕೇಳೋರು ಜಾಸ್ತಿ ಆಗಿದಾರಂತೆ.

ಗಂಡನ ಶಾನುಭೋಗಿಕೆ ಲೆಕ್ಕನೆಲ್ಲ ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸೋ ಹೆಂಗಸು ನಂಜಮ್ಮ, ಅವಳ ಕೈಯಿಂದ ಮಕ್ಕಳು ಪಾರ್ವತಿ, ರಾಮಣ್ಣ ಇಬ್ಬರೂ ಜಾರಿಹೋಗ್ತಾರೆ. ಅಲ್ಲಿ ಭೈರಪ್ಪನೋರು ಒಂದು ಮಾತನ್ನೂ ಎಳೆಯಲ್ಲ, ಯಾರೂ ಉದ್ದುದ್ದ ಡೈಲಾಗ್ ಹೇಳಲ್ಲ. ನಂಗೆ ಅನ್ಸೋದು ಇಷ್ಟೇ, ಸತ್ತೋರ ಬಗ್ಗೆ ಬರೆದಷ್ಟೂ ಸೀನ್ ತೆಳ್ಳಗಾಗುತ್ತೆ, ಉಳಿದೋರ ಮುಂದೆ ಏನು ಕೆಲಸ ಬಿತ್ತು ಅಂತ ಬರೆದ್ರೆ ಎದೆ ಹಿಡ್ಕೊಳುತ್ತೆ. ಒಲೆ ಹಚ್ಬೇಕು, ಹೊರೋರನ್ನ ಕರೀಬೇಕು, ಬದುಕಿರೋ ಮಗುನ ಎಲ್ಲಿಗೆ ಕಳಿಸ್ಬೇಕು. ಅಳೋಕೆ ಟೈಮೇ ಇಲ್ಲದೋರನ್ನ ನೋಡಿದಾಗ ನಮಗೆ ಅಳು ಬರುತ್ತೆ.

ಇದನ್ನ ಯಜಮಾನ್ರ ಹತ್ರ ಹೇಳಿದ್ದಕ್ಕೆ ಅವ್ರು ಖುಷಿಯಾಗಿ ಅನಂತಮೂರ್ತಿಯೋರ 'ಸಂಸ್ಕಾರ' ತಂದಿಟ್ರು. ಓದಿರೋದೇ, ಮತ್ತೆ ಓದ್ದೆ. ನಾರಣಪ್ಪ ಶುರುವಲ್ಲೇ ಸತ್ತಿರ್ತಾನೆ, ಹೆಣ ತೆಗೆಯೋ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ, ಎಲ್ರಿಗೂ ಹಸಿವು, ಅವನ ಜೊತೆಗಿದ್ದ ಚಂದ್ರಿ ಖರ್ಚಿಗೆ ಅಂತ ಒಡವೆ ಬಿಚ್ಚಿಟ್ಟಿದ್ದೇ ತಡ ಅವರವರಲ್ಲೇ ಜಗಳ. ಕೊನೆಗೆ ರಾತ್ರೋರಾತ್ರಿ ಹೆಣಕ್ಕೆ ದಾರಿ ತೋರಿಸೋದು ಆ ಚಂದ್ರಿನೇ, ಸಹಾಯಕ್ಕೆ ಬರೋದು ಒಬ್ಬ ಸಾಬರು. 1965ರ ಕಾದಂಬರಿ, 1970ರಲ್ಲಿ ಶೃಂಗೇರಿ ಸೀಮೆಯಲ್ಲೇ ಸಿನಿಮಾ ತೆಗೆದ್ರು, ನಾರಣಪ್ಪನಾಗಿ ಲಂಕೇಶ್ ಮಾಡಿದ್ರು. ಸತ್ತೋನ ಮೇಲೆ ಯಾರಿಗೂ ಕಣ್ಣೀರಿಲ್ಲ, ಅದಕ್ಕೇ ಆ ಒಬ್ಬಳ ಓಡಾಟ ನೋಡೋಕಾಗಲ್ಲ.

ಮೂಡಿಗೆರೆಯ ತೇಜಸ್ವಿಯೋರ 'ತಬರನ ಕತೆ'ನೂ ಇಲ್ಲಿ ಸಿಗುತ್ತೆ, 'ಅಬಚೂರಿನ ಪೋಸ್ಟಾಫೀಸು' ಸಂಕಲನದೊಳಗೆ. 1986ರಲ್ಲಿ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ರು, ತಬರನಾಗಿ ಮಾಡಿದ ಚಾರುಹಾಸನ್‌ಗೆ ನ್ಯಾಷನಲ್ ಅವಾರ್ಡ್ ಬಂತು. ಹೆಂಡತಿ ಕಾಲು ಕೊಳೀತಾ ಇರುತ್ತೆ, ತಬರ ಪೆನ್ಶನ್‌ಗೋಸ್ಕರ ಆಫೀಸಿಂದ ಆಫೀಸಿಗೆ ಅಲೀತಾನೆ, ದುಡ್ಡು ಬರುತ್ತೆ, ಆಕೆ ಹೋದ ಮೇಲೆ ಬರುತ್ತೆ. ತಾಲ್ಲೂಕು ಆಫೀಸಿನ ಬೆಂಚಲ್ಲಿ ಫೈಲ್ ಹಿಡ್ಕೊಂಡು ಕೂತಿರೋ ವಯಸ್ಸಾದೋರನ್ನ ಕಂಡಾಗೆಲ್ಲ ನಂಗೆ ತಬರ ನೆನಪಾಗ್ತಾನೆ.

ಬಾಗಿಲ ಪಕ್ಕ ಒಂದು ರ್‍ಯಾಕಲ್ಲಿ ಹಳೇ ವಿಸಿಡಿ, ಡಿವಿಡಿ ಮಾರಾಟಕ್ಕಿಟ್ಟಿದಾರೆ. ತಗೊಳೋ ಮುಂಚೆ ಅಲ್ಲೇ ಪ್ಲೇಯರಲ್ಲಿ ಹಾಕಿ ತೋರಿಸ್ತಾರೆ, ಗೆರೆ ಬಿದ್ದಿರೋದು ಕೊಡಲ್ಲ. 'ಭೂತಯ್ಯನ ಮಗ ಅಯ್ಯು' ನಂಗೆ ಇಲ್ಲೇ ಸಿಕ್ಕಿದ್ದು, 1974ರದ್ದು, ಕಥೆ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ರದ್ದು. ಭೂತಯ್ಯ ಸತ್ತಾಗ ಹೊರೋಕೆ ಊರಿನ ಜನ ಬರಲ್ಲ. ಬದುಕಿದ್ದಾಗ ಎಲ್ರ ಜಮೀನು ನುಂಗಿದೋನು, ಜನರ ಸಿಟ್ಟು ನ್ಯಾಯವಾದದ್ದೇ, ಆದ್ರೆ ಮಗ ಅಯ್ಯು ಮುಖ ಇದೆಯಲ್ಲ, ಲೋಕೇಶ್ ಅದನ್ನ ಮಾಡಿರೋ ರೀತಿ, ಅಪ್ಪ ಹೋದ ದುಃಖಕ್ಕಿಂತ ಅಪ್ಪ ಎಂಥೋನು ಅಂತ ಗೊತ್ತಾದ ನೋವು ದೊಡ್ಡದಾಗಿ ಕಾಣುತ್ತೆ. ಹೋದೋನು ಕೆಟ್ಟೋನಾಗಿದ್ರೂ ಸಾವಿನ ಸೀನ್ ಕಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಕಾಗಿಲ್ಲ.

'ಬಂಧನ'ದ ಡಾಕ್ಟರ್ ಹರೀಶ್ ಬಗ್ಗೆ ಯಜಮಾನ್ರಿಗೂ ನಂಗೂ ಒಪ್ಪಿಗೆ ಇಲ್ಲ. ಅವ್ರಿಗೆ ವಿಷ್ಣುವರ್ಧನ್ ಅಂದ್ರೆ ಪ್ರಾಣ, ಕನ್ನಡದಲ್ಲಿ ಅಂಥ ಸಾವೇ ಇಲ್ಲ ಅಂತಾರೆ. ವಿಷ್ಣು ಸಾರ್ ಆ್ಯಕ್ಟಿಂಗ್ ಬಗ್ಗೆ ನಂದೇನೂ ತಕರಾರಿಲ್ಲ, ನಮ್ಮಮ್ಮ ಈಗ್ಲೂ ಟೀವಿಯಲ್ಲಿ ಬಂದ್ರೆ ಸೆರಗು ಒದ್ದೆ ಮಾಡ್ಕೊತಾರೆ, ಆದ್ರೆ ನಂಗೆ 'ಮುಂಗಾರು ಮಳೆ'ಯ ಮೊಲಾನೇ ಜಾಸ್ತಿ. ಸಕಲೇಶಪುರದ ಮಳೆಯಲ್ಲಿ ಅಷ್ಟು ಹೊತ್ತು ಪಟಪಟ ಅಂತ ಮಾತಾಡಿ ನಗಿಸಿದ ಹುಡುಗ, ಹುಡುಗಿನ ಬಿಟ್ಟುಕೊಟ್ಟಾಗಲೂ ತಡ್ಕೊಂಡಿದ್ದೋನು, ಆ ಮೊಲ ದೇವದಾಸ ಸತ್ತಿರೋದು ಗೊತ್ತಾದಾಗ ಒಡೆದುಹೋಗ್ತಾನೆ. ಇಡೀ ಸಿನಿಮಾದ ದುಃಖನ ಒಂದು ಮೊಲದ ಮೇಲೆ ಹೊರಿಸಿದ್ದು ಯೋಗರಾಜ್ ಭಟ್ರ ಧೈರ್ಯ. ಕುವೆಂಪು ಅವ್ರ 'ಮಲೆಗಳಲ್ಲಿ ಮದುಮಗಳು'ನಲ್ಲಿ ಗುತ್ತಿಯ 'ಹುಲಿಯ' ಅನ್ನೋ ನಾಯಿ ಹೊಳೇಲಿ ಕೊಚ್ಚಿಹೋಗೋದೂ ಹಾಗೇ. ಅಷ್ಟು ದಪ್ಪ ಕಾದಂಬರಿ, ಅಷ್ಟೊಂದು ಜನ, ಪುಸ್ತಕ ಮುಚ್ಚಿದ ಮೇಲೆ ನಂಗೆ ವಾರಗಟ್ಲೆ ಉಳಿದಿದ್ದು ಆ ನಾಯಿ.

ಕಷ್ಟಗಳೂ ಇವೆ. ಕೂತು ಓದೋಕೆ ಒಂದೇ ಸ್ಟೂಲ್, ಅದೂ ಕುಂಟುತ್ತೆ. ಇಂಗ್ಲಿಷ್ ಪುಸ್ತಕ ಹೆಸರಿಗೆ ಮಾತ್ರ. ಫೋನ್‌ಪೇ ಇದೆ, ಆದ್ರೆ ಒಳಗಡೆ ನೆಟ್‌ವರ್ಕ್ ಸಿಗಲ್ಲ, ಮೆಟ್ಲ ಹತ್ರ ಬಂದು ಕಳಿಸ್ಬೇಕು, ಚಿಲ್ಲರೆ ಇಟ್ಕೊಂಡು ಹೋಗಿ. ಧೂಳಿನ ಅಲರ್ಜಿ ಇರೋರು ಮಾಸ್ಕ್ ಹಾಕ್ಕೊಳಿ, ಹಿಂದಿನ ಸಾಲುಗಳನ್ನ ಒರೆಸಿ ಎಷ್ಟು ಕಾಲ ಆಯ್ತೋ. ಗಾಡಿ ಗಲ್ಲಿಯಲ್ಲಿ ನಿಲ್ಲಿಸ್ಬೇಡಿ, ತರಕಾರಿ ಲೋಡ್ ಬಂದ್ರೆ ತೆಗೆಯೋಕಾಗಲ್ಲ.

ಸಂಜೆ ಐದರ ಮೇಲೆ ಹೋದ್ರೆ ಯಜಮಾನ್ರು ಬಿಡುವಾಗಿರ್ತಾರೆ, ಮಾತಿಗೆ ಸಿಗ್ತಾರೆ. ಭಾನುವಾರ ರಜ. 'ಗೃಹಭಂಗ' ಸದ್ಯಕ್ಕೆ ನನ್ನ ಹತ್ರ ಇದೆ, ಸೋಮವಾರ ವಾಪಸ್ ಕೊಡ್ತೀನಿ, ಬೇಕಾದೋರು ಮುಂಚೆನೇ ಹೇಳಿಡಿ. 'ಚೋಮನ ದುಡಿ' ಡಿಸ್ಕ್ ಬಂದ್ರೆ ಮಾತ್ರ ಅದು ಮೊದಲು ನಂಗೆ.