ಜನರೇಟರ್ ಆಯಿಲ್: ಗಂಟೆ ಲೆಕ್ಕವಾ, ತಿಂಗಳ ಲೆಕ್ಕವಾ?

ಅಪಾರ್ಟ್‌ಮೆಂಟ್‌ನ ಡಿಜಿ (ಡೀಸೆಲ್ ಜನರೇಟರ್) ವರ್ಷಕ್ಕೆ 40 ಗಂಟೆಯೂ ಓಡಲ್ಲ, ಆಯಿಲ್ ಯಾಕೆ ಬದಲಿಸಬೇಕು ಅಂತ ಮೀಟಿಂಗ್‌ನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಎರಡೂ ಲೆಕ್ಕ ಇರುತ್ತದೆ: ಎಂಜಿನ್‌ಗೆ ತಕ್ಕಂತೆ 250 ಅಥವಾ 500 ಗಂಟೆ, ಇಲ್ಲವೇ 6 ಅಥವಾ 12 ತಿಂಗಳು. ಯಾವುದು ಮೊದಲು ಬರುತ್ತೋ ಅದು.

ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನ ರೈಸ್ ಮಿಲ್‌ಗೆ ಗಂಟೆ ಲೆಕ್ಕವೇ ಸರಿ. ಎಷ್ಟು ಗಂಟೆ ಓಡಿದೆ ಅಂತ ಜನರೇಟರ್‌ನ ಮೀಟರ್ ನೋಡಿ, ಆಯಿಲ್ ಬದಲಿಸಿ, ಅಷ್ಟೇ.

ಸುಮ್ನೆ ನಿಂತಿರುವ ಜನರೇಟರ್ ಸೆಟ್‌ಗೆ ತಿಂಗಳ ಲೆಕ್ಕವೇ ಬೇಕು. ವಾರಕ್ಕೊಮ್ಮೆ ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿದರೆ ಆಯಿಲ್ ಸರಿಯಾಗಿ ಬಿಸಿಯಾಗಲ್ಲ, ಒಳಗೆ ಸೇರಿದ ನೀರಿನ ಅಂಶ ಆವಿಯಾಗಿ ಹೋಗಲ್ಲ, ಉರಿಯದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಆಯಿಲ್ ತೆಳುವಾಗುತ್ತದೆ, ಆಮ್ಲ ಸೇರಿ ಬೇರಿಂಗ್ ಕೂಡ ಸವೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಲೆವೆಲ್ ತಾನಾಗೇ ಏರಿದ್ದರೆ ಖುಷಿಪಡಬೇಡಿ, ಡೀಸೆಲ್ಲೋ ಕೂಲಂಟೋ ಸೇರಿದೆ ಅಂತಲೇ ಅನುಮಾನಿಸಿ. ತಿಂಗಳಿಗೊಮ್ಮೆ ಶೇ. 30ಕ್ಕಿಂತ ಜಾಸ್ತಿ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ.

ಆಯಿಲ್ ಯಾವಾಗ ಬದಲಿಸಬೇಕು ಅಂತ ತಿಳಿಯಲು ಇನ್ನೊಂದು ದಾರಿ ಲ್ಯಾಬ್‌ನಲ್ಲಿ ಆಯಿಲ್ ಪರೀಕ್ಷೆ. ನೂರಾರು ಲೀಟರ್ ಹಿಡಿಯುವ ದೊಡ್ಡ ಸೆಟ್‌ಗೆ ಅದು ಲಾಭ. 62.5 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಥರದ ಚಿಕ್ಕ ಸೆಟ್‌ಗೆ ಅಷ್ಟೆಲ್ಲ ಬೇಡ, ವರ್ಷಕ್ಕೊಮ್ಮೆ (ಮ್ಯಾನ್ಯುಯಲ್ 6 ತಿಂಗಳು ಅಂದಿದ್ದರೆ ಆರಕ್ಕೇ) ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಬಿಡಿ.