1 ಜಿಬಿ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ 8: ಓಡುತ್ತೆ, ಹಾಕಿದ ಹಾಗೇ ಬಿಟ್ಟರೆ ಮಾತ್ರ ಬೀಳುತ್ತೆ

ಬೆಂಗಳೂರಿನ ಡೇಟಾ ಸೆಂಟರ್‌ನಲ್ಲೇ 1 ಜಿಬಿ ಮೆಮೊರಿಯ ಕ್ಲೌಡ್ ಸರ್ವರ್ ಬಾಡಿಗೆಗೆ ಸಿಗುತ್ತೆ. ಜಯನಗರದ ಕ್ಲಿನಿಕ್ಕೋ ಬಸವನಗುಡಿಯ ಸೀರೆ ಅಂಗಡಿಯೋ ವೆಬ್‌ಸೈಟ್ ಮಾಡಿಸಿದರೆ ಉಬುಂಟು (ಆಪರೇಟಿಂಗ್ ಸಿಸ್ಟಂ), ಅಪಾಚೆ (ಪುಟ ಕಳಿಸುವ ವೆಬ್ ಸರ್ವರ್), ವರ್ಡ್‌ಪ್ರೆಸ್, ಮೈಎಸ್‌ಕ್ಯೂಎಲ್ (ಡೇಟಾಬೇಸ್) ಎಲ್ಲವನ್ನೂ ಅದರಲ್ಲೇ ತುಂಬುವುದು ರೂಢಿ. ಹಬ್ಬದ ಆಫರ್ ಹಾಕಿದ ದಿನ ಡೇಟಾಬೇಸ್ ಮಲಗುತ್ತೆ, ಮತ್ತೆ ಸ್ಟಾರ್ಟ್ ಮಾಡಿದರೆ ಏಳುವುದಿಲ್ಲ.

ಎರರ್ ಲಾಗ್ ಇಲ್ಲಿ ದಾರಿ ತಪ್ಪಿಸುತ್ತೆ. ಕೊನೆಯಲ್ಲಿ 'ಡೇಟಾ ಡಿಕ್ಷನರಿ ಇನಿಶಿಯಲೈಸೇಶನ್ ಫೇಲ್' ಎಂಬ ಸಾಲು ನೋಡಿ ಫೈಲ್ ಕೆಟ್ಟಿದೆ ಅಂದುಕೊಂಡು ಡೇಟಾಬೇಸ್‌ನ ಮುಖ್ಯ ಫೈಲಾದ ಐಬಿಡೇಟಾ1 ಅಳಿಸಿದರೆ ಕಥೆ ಮುಗೀತು. ಕೆಲವು ಸಾಲು ಮೇಲೆ ನೋಡಿ: ಬಫರ್ ಪೂಲ್‌ಗೆ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮೆಮೊರಿ ಸಿಗಲಿಲ್ಲ, ಎರರ್ ನಂಬರ್ 12. ಡಿಫಾಲ್ಟ್ ಬಫರ್ ಪೂಲ್ 128 ಎಂಬಿ, ಅಷ್ಟೂ ಇರಲಿಲ್ಲ, ಅಷ್ಟೇ. ಇನ್ನು ಕೆಲವು ಸಲ ಶಟ್‌ಡೌನ್ ಸಾಲೇ ಇಲ್ಲದೆ ಲಾಗ್ ಅರ್ಧಕ್ಕೆ ನಿಂತಿರುತ್ತೆ. ಆಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಹುಡುಕಿ. ಕರ್ನಲ್ಲೇ ಸಿಗ್ನಲ್ 9 ಕೊಟ್ಟು ಕೊಂದಿರುತ್ತೆ.

ಹೆಚ್ಚಿನ ಸಲ ತಪ್ಪು ಅಪಾಚೆಯದು. ಪ್ರಿಫೋರ್ಕ್‌ನಲ್ಲಿ (ಒಂದೊಂದು ಸಂಪರ್ಕಕ್ಕೂ ಒಂದೊಂದು ವರ್ಕರ್ ಪ್ರೊಸೆಸ್ ಇಡುವ ವಿಧಾನ) ಉಬುಂಟು ಕೊಡುವ ವರ್ಕರ್ ಮಿತಿ 150. ಒಂದೊಂದಕ್ಕೆ 40 ಎಂಬಿ ಹಿಡಿದರೂ 6 ಜಿಬಿ, ಇರುವುದು ಒಂದು! ಮೆಮೊರಿ ತಿಂದವನು ಅಪಾಚೆ, ಒಂದೇ ಪ್ರೊಸೆಸ್ಸಾಗಿ ದಪ್ಪಗೆ ಕಾಣುವ ಮೈಎಸ್‌ಕ್ಯೂಎಲ್‌ಗೆ ಏಟು. ಮೊದಲು ಆ ಮಿತಿಯನ್ನು 8ಕ್ಕೆ ಇಳಿಸಿ.

ಆಮೇಲೆ ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ. ಬಹಳಷ್ಟು ಕ್ಲೌಡ್ ಇಮೇಜ್‌ಗಳಲ್ಲಿ ಅದು ಇರುವುದೇ ಇಲ್ಲ. 2 ಜಿಬಿ ಫೈಲ್ ಮಾಡಿ, ಪರ್ಮಿಶನ್ 600 ಕೊಟ್ಟು, ಸ್ವಾಪ್ ಆಗಿ ಫಾರ್ಮ್ಯಾಟ್ ಮಾಡಿ ಆನ್ ಮಾಡಿ. ಬೂಟ್ ಆಗುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಸಾಲು ಸೇರಿಸದಿದ್ದರೆ ರೀಬೂಟ್ ಆದಮೇಲೆ ಮತ್ತದೇ ಹಾಡು. ಸ್ವಾಪ್ ಇದೆ ಅಂತ ಬಫರ್ ಪೂಲ್ ಹಿಗ್ಗಿಸಬೇಡಿ, ಕ್ವೆರಿಗಳು ತೆವಳುತ್ತವೆ.

ಮೈಎಸ್‌ಕ್ಯೂಎಲ್‌ನಲ್ಲಿ ಮೂರೇ ಬದಲಾವಣೆ: ಬಫರ್ ಪೂಲ್ 64 ಎಂಬಿ, ಗರಿಷ್ಠ ಕನೆಕ್ಷನ್ 151ರಿಂದ 30ಕ್ಕೆ, ಪರ್ಫಾರ್ಮೆನ್ಸ್ ಸ್ಕೀಮಾ (ಡೇಟಾಬೇಸ್ ಒಳಗಿನ ಕೆಲಸದ ಅಳತೆ ಇಡುವ ಭಾಗ) ಆಫ್. ಹೆಚ್ಚು ಉಳಿಸುವುದು ಈ ಕೊನೆಯದು. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿಯಲ್ಲಿ ಅದು ಮೊದಲೇ ಆಫ್ ಇರುವುದರಿಂದ ಹೊಸದಾಗಿ ಹಾಕುವವರಿಗೆ ಮರಿಯಾಡಿಬಿಯೇ ವಾಸಿ.

ಇಷ್ಟು ಮಾಡಿದರೆ ಬ್ಲಾಗ್‌ಗೆ, ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಪುಟಕ್ಕೆ ಐದಕ್ಕೆ ಮೂರೂವರೆ ಸ್ಟಾರ್ ಕೊಡಬಹುದು. ಆನ್‌ಲೈನ್ ಆರ್ಡರ್ ತಗೊಳ್ಳುವ ಅಂಗಡಿಗೆ ಒಂದೇ ಸ್ಟಾರ್. ಅವರು 2 ಜಿಬಿಯದನ್ನೇ ತಗೊಳ್ಳಲಿ.