ಕಾಗದ, ಫೋನು, ಟ್ಯಾಬ್ಲೆಟ್: ಮೂರು ಲಾಗ್‌ಗಳ ಜೊತೆ ಓಡಿಸಿ ನೋಡಿದ್ದು

ಅಮೆರಿಕದ ಹೆದ್ದಾರಿಗಳಲ್ಲಿ ಹದಿನೆಂಟು ಚಕ್ರದ ಟ್ರಕ್ ಓಡಿಸುವುದು ನನ್ನ ವೃತ್ತಿ. ಈಗ ಮೂರು ಟ್ರಕ್‌ಗಳಿವೆ, ಒಬ್ಬ ಚಾಲಕನೂ ಇದ್ದಾನೆ. ಕೆಲಸದ ಗಂಟೆಗಳ ಲೆಕ್ಕವನ್ನು ಮೂರು ಬಗೆಯಲ್ಲಿ ಇಟ್ಟಿದ್ದೇನೆ: ಕಾಗದದ ಲಾಗ್‌ಬುಕ್, ಸ್ವಂತ ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಇಎಲ್‌ಡಿ (ಎಂಜಿನ್‌ಗೆ ಜೋಡಿಸಿ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಉಪಕರಣ), ಟ್ರಕ್ಕಿಗೇ ತಂತಿ ಎಳೆದು ಕೂರಿಸಿದ ಟ್ಯಾಬ್ಲೆಟ್.

ನಿಯಮ ಮೂರಕ್ಕೂ ಒಂದೇ. ಹತ್ತು ಗಂಟೆ ವಿರಾಮದ ನಂತರ 14 ಗಂಟೆಗಳ ದಿನ ಶುರುವಾಗುತ್ತದೆ, ಅದರೊಳಗೆ 11 ಗಂಟೆ ಮಾತ್ರ ಓಡಿಸಬಹುದು. 8 ಗಂಟೆ ಓಡಿಸಿದರೆ ಅರ್ಧ ಗಂಟೆ ನಿಲ್ಲಿಸಬೇಕು. ಕಾಗದದಲ್ಲಿ ಇದನ್ನು ನಾಲ್ಕು ಗೆರೆಗಳ (ಬಿಡುವು, ಸ್ಲೀಪರ್ ಅಂದರೆ ಕ್ಯಾಬಿನ್ ಹಿಂದಿನ ಮಲಗುವ ಜಾಗ, ಚಾಲನೆ, ಓಡಿಸದ ಕೆಲಸ) ಚೌಕದಲ್ಲಿ, ಹದಿನೈದು ನಿಮಿಷಕ್ಕೊಂದು ಮನೆಯಂತೆ, ಪೆನ್ನಿನಿಂದ ಎಳೆಯುತ್ತಿದ್ದೆವು. ಚಾಲಕರು ಅದನ್ನು ಕಾಮಿಕ್ ಪುಸ್ತಕ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ನಾನೂ ಕಥೆ ಬರೆದವನೇ. ಗೋದಾಮಿನ ಡಾಕ್‌ನಲ್ಲಿ, ಅಂದರೆ ಸರಕು ಏರಿಸಿ ಇಳಿಸುವ ಕಟ್ಟೆಯಲ್ಲಿ, ಐದು ಗಂಟೆ ಕಾದದ್ದನ್ನು ಸ್ಲೀಪರ್‌ನಲ್ಲಿ ನಿದ್ದೆ ಎಂದು ತೋರಿಸಿ, ರಾತ್ರಿಯೆಲ್ಲ ಓಡಿಸಿದ್ದೇನೆ. ಅದನ್ನು ಸ್ವಾತಂತ್ರ್ಯ ಎಂದುಕೊಂಡಿದ್ದೆ. ಕಾಯಿಸಿದ ಗೋದಾಮಿಗೆ ಒಂದು ಡಾಲರ್ ಕೂಡ ಖರ್ಚಾಗಲಿಲ್ಲ, ಓಟಗಳನ್ನು ಗೊತ್ತುಮಾಡುವ ಡಿಸ್ಪ್ಯಾಚರ್‌ನ ಸರಕು ಸಮಯಕ್ಕೆ ತಲುಪಿತು, ನಿದ್ದೆ ಕಳೆದುಕೊಂಡವನು ನಾನು. ಆ ಸುಳ್ಳಿನ ಲಾಭ ಯಾರ ಜೇಬಿಗೆ ಹೋಗುತ್ತಿತ್ತು ಎಂಬುದು ಹೊಳೆಯಲು ನನಗೆ ಯಂತ್ರವೇ ಬರಬೇಕಾಯಿತು.

2017ರ ಡಿಸೆಂಬರ್ 18ಕ್ಕೆ ಇಎಲ್‌ಡಿ ಕಡ್ಡಾಯವಾದಾಗ, ಎಲ್ಲರಂತೆ ನಾನೂ ಗೊಣಗಿಕೊಂಡು ಅತ್ಯಂತ ಅಗ್ಗದ್ದನ್ನೇ ಕೊಂಡೆ. ಡ್ಯಾಶ್‌ಬೋರ್ಡ್ ಕೆಳಗಿನ ಒಂಬತ್ತು ಪಿನ್‌ನ ಜೋಡಣೆಗೆ ಅಂಗೈಯಗಲದ ಪೆಟ್ಟಿಗೆಯನ್ನು ಸಿಕ್ಕಿಸಿ, ಫೋನಿನಲ್ಲಿ ಆ್ಯಪ್ ತೆರೆದರೆ ಮುಗಿಯಿತು. ಎಂಜಿನ್ ಚಾಲೂ ಆಗಿ ವೇಗ ಗಂಟೆಗೆ 5 ಮೈಲಿ ದಾಟಿದರೆ ತಾನಾಗಿಯೇ ‘ಚಾಲನೆ’ ಎಂದು ಬರೆದುಕೊಳ್ಳುತ್ತದೆ. ನಿಂತು ಐದು ನಿಮಿಷವಾದರೆ ಇನ್ನೂ ಓಡಿಸುತ್ತಿದ್ದೀಯಾ ಎಂದು ಕೇಳುತ್ತದೆ.

ಬ್ಲೂಟೂತ್ ಕಡಿದುಹೋದ ದಿನಗಳೇ ತಲೆನೋವು. ಆ್ಯಪ್ ಸಂಪರ್ಕ ಕಳೆದುಕೊಂಡ ಮೈಲಿಗಳು ‘ಯಾರು ಓಡಿಸಿದರೋ ಗೊತ್ತಿಲ್ಲ’ ಎಂಬ ಪಟ್ಟಿಗೆ ಬೀಳುತ್ತಿದ್ದವು. ನನ್ನದೇ ಟ್ರಕ್ಕನ್ನು ನಾನೇ ಓಡಿಸಿದೆ ಎಂದು ಸಂಜೆ ಒಪ್ಪಿಕೊಳ್ಳಬೇಕಿತ್ತು. ಇನ್ನೂ ಮುಜುಗರದ್ದು ವ್ಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ ಆಯಿತು. ತಪಾಸಣೆಗೆ ನಿಲ್ಲಿಸಿದರು, ನೆಟ್‌ವರ್ಕ್ ಇಲ್ಲದೆ ಲಾಗ್‌ನ ಫೈಲ್ ಅಧಿಕಾರಿಗೆ ಹೋಗಲಿಲ್ಲ. ಪರದೆಯಲ್ಲೇ ತೋರಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಪರದೆ ನನ್ನ ಸ್ವಂತ ಫೋನಿನದು. ಅಧಿಕಾರಿ ಲಾಗ್ ನೋಡುತ್ತಿರುವಾಗಲೇ ಮನೆಯಿಂದ ಹೆಂಡತಿಯ ಸಂದೇಶಗಳು ಮೇಲಿಂದ ಮೇಲೆ ಇಳಿಯತೊಡಗಿದವು. ಆತ ಸಭ್ಯ, ನೋಡದವನಂತೆ ನಟಿಸಿದ.

2020ರ ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲವಾಗಿ, ಹತ್ತು ಗಂಟೆಯ ವಿರಾಮವನ್ನು ಸ್ಲೀಪರ್‌ನಲ್ಲಿ ಏಳು ಗಂಟೆ, ಇನ್ನೊಮ್ಮೆ ಮೂರು ಗಂಟೆ ಎಂದು ಒಡೆಯಲು ಅವಕಾಶ ಬಂತು. ನನ್ನ ಆ್ಯಪ್ ಮಾತ್ರ ವಾರಗಟ್ಟಲೆ ಹಳೆಯ ಲೆಕ್ಕವನ್ನೇ ಹೇಳುತ್ತಿತ್ತು. ಕೊನೆಗೆ ಆ ಉಪಕರಣವೇ ಸರ್ಕಾರದ ಪಟ್ಟಿಯಿಂದ ಹೊರಬಿತ್ತು. ಆಗ ತಯಾರಕರು ‘ನಮ್ಮದು ನಿಯಮಕ್ಕೆ ತಕ್ಕಂತಿದೆ’ ಎಂದು ತಾವೇ ಘೋಷಿಸಿ ಪಟ್ಟಿಗೆ ಸೇರುತ್ತಿದ್ದರು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೋ ಪರೀಕ್ಷೆ ಮಾಡಿದ್ದಾರೆ ಎಂದುಕೊಳ್ಳುವಂತಿರಲಿಲ್ಲ. ತೆಗೆದುಹಾಕಿದ ಮೇಲೆ ಬದಲಿಸಲು 60 ದಿನ.

ಹಾಗೆ ಟ್ಯಾಬ್ಲೆಟ್ ಬಂತು. ತಿಂಗಳ ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟು, ಜೊತೆಗೆ ಮೂರು ವರ್ಷದ ಕರಾರು. ಆ ಕರಾರಿನ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಅದರದೇ ಸಿಮ್ ಇದೆ, ಸಂಪರ್ಕ ಕಡಿಯುವುದು ಅಪರೂಪ, ರಾಜ್ಯವಾರು ಮೈಲಿಗಳು ತಾವಾಗಿಯೇ ಬೇರೆಯಾಗಿ ಬೀಳುತ್ತವೆ. ಇಂಧನ ತೆರಿಗೆಗಾಗಿ ಮೂರು ತಿಂಗಳಿಗೊಮ್ಮೆ ಹಳೆಯ ರಸೀದಿಗಳನ್ನು ಹರವಿಕೊಂಡು ಕೂರುತ್ತಿದ್ದ ಎರಡು ಭಾನುವಾರಗಳು ನನಗೆ ವಾಪಸ್ ಸಿಕ್ಕಿವೆ.

ಹಣದ ಮಾತಿಗೆ ಬಂದರೆ ಡಾಕ್‌ನದೇ ದೊಡ್ಡದು. ಸರಕು ಗೊತ್ತುಮಾಡಿಕೊಡುವ ಬಹಳಷ್ಟು ಬ್ರೋಕರ್‌ಗಳ ಕರಾರಿನಲ್ಲಿ ಮೊದಲ ಎರಡು ಗಂಟೆ ಉಚಿತ, ನಂತರ ಗಂಟೆಗಿಷ್ಟು ಡಿಟೆನ್ಷನ್, ಅಂದರೆ ಕಾಯಿಸಿದ್ದಕ್ಕೆ ಹಣ. ಕಾಗದದ ಕಾಲದಲ್ಲಿ ಕೇಳಿದರೆ ‘ನೀನು ತಡವಾಗಿ ಬಂದೆ’ ಎಂಬ ಉತ್ತರ ಸಿದ್ಧವಿರುತ್ತಿತ್ತು. ಈಗ ಬಂದ ನಿಮಿಷ, ಜಾಗ, ಹೊರಟ ನಿಮಿಷ ಮೂರನ್ನೂ ಕಳುಹಿಸುತ್ತೇನೆ. ವಾದ ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಸಲ ಅಲ್ಲ, ಹೆಚ್ಚಿನ ಸಲ. ಇದಕ್ಕೆ ಅಗ್ಗದ ಉಪಕರಣವೂ ಸಾಕು, ಆದರೆ ಅದರ ದಾಖಲೆಯಲ್ಲಿ ತೂತುಗಳಿದ್ದರೆ ಬ್ರೋಕರ್ ಆ ತೂತನ್ನೇ ಹಿಡಿದುಕೊಳ್ಳುತ್ತಾನೆ.

ಮಾಲೀಕನಾಗಿ ಇನ್ನೊಂದು ಗಮನಿಸಿದೆ. ನನ್ನ ಚಾಲಕನ ಲಾಗ್‌ನಲ್ಲಿ ತಿದ್ದುಪಡಿ ಸೂಚಿಸಬಹುದೇ ಹೊರತು, ಅವನು ಒಪ್ಪಿ ಸಹಿ ಮಾಡದೆ ಏನೂ ಬದಲಾಗುವುದಿಲ್ಲ. ಯಂತ್ರ ಬರೆದ ಚಾಲನೆಯ ಅವಧಿಯನ್ನು ನಾವಿಬ್ಬರೂ ಸೇರಿದರೂ ಕಡಿಮೆ ಮಾಡಲಾಗದು. ‘ಇನ್ನೊಂದು ಗಂಟೆ ಎಳೆದುಬಿಡು’ ಎನ್ನುವ ಚಟ ಹತ್ತದಂತೆ ಅದು ನನ್ನ ಕೈಯನ್ನೂ ಕಟ್ಟಿದೆ.

ಯಂತ್ರ ಪರಿಹರಿಸದ್ದೂ ಇದೆ. 14 ಗಂಟೆಯ ಗಡಿಯಾರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ನಿಲ್ಲುವುದಿಲ್ಲ. ಕತ್ತಲಾದ ಮೇಲೆ ಟ್ರಕ್ ನಿಲ್ಲಿಸಲು ಜಾಗ ಸಿಗದೆ, ಪರದೆಯಲ್ಲಿ ಹನ್ನೆರಡು ನಿಮಿಷ ಉಳಿದಿರುವುದನ್ನು ನೋಡುತ್ತಾ ಓಡಿಸುವ ಆತಂಕ ಕಾಗದದ ದಿನಗಳಲ್ಲಿ ಇರಲಿಲ್ಲ. ಆಗ ಕೆಲವರು ವೇಗ ಹೆಚ್ಚಿಸುತ್ತಾರೆ, ನಾನೂ ಮಾಡಿದ್ದೇನೆ.

ದೂರದ ಓಟಕ್ಕೆ ಟ್ಯಾಬ್ಲೆಟ್ ಎಂದು ತೀರ್ಮಾನಿಸಿದ್ದೇನೆ, ಎರಡು ಟ್ರಕ್‌ಗಳಲ್ಲಿ ಅದೇ ಇದೆ. ಒಂದೇ ಟ್ರಕ್ ಇದ್ದು, ಹತ್ತಿರದ ಊರುಗಳ ನಡುವೆ ಓಡಿಸುವವನಿಗೆ ಫೋನಿನ ಬಗೆ ಸಾಲುತ್ತದೆ, ಲಾಗ್‌ಗೆಂದೇ ಒಂದು ಹಳೆಯ ಫೋನ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೂರನೆಯ ಟ್ರಕ್ಕಿನ ಎಂಜಿನ್ 1998ರದು. 2000ಕ್ಕಿಂತ ಹಿಂದಿನ ಮಾದರಿಯ ಎಂಜಿನ್‌ಗೆ ವಿನಾಯಿತಿ ಇರುವುದರಿಂದ ಅದರಲ್ಲಿ ಇಂದಿಗೂ ಪೆನ್ನು, ಚೌಕ, ನಾಲ್ಕು ಗೆರೆ. ಟ್ಯಾಬ್ಲೆಟ್ ಇರುವ ಎರಡರ ಬಾಗಿಲಿನ ಚೀಲದಲ್ಲೂ ಅದೇ ಖಾಲಿ ಪುಸ್ತಕವಿದೆ: ಯಂತ್ರ ಕೆಟ್ಟರೆ ದುರಸ್ತಿಗೆ ಎಂಟು ದಿನದ ಗಡುವು, ಅಲ್ಲಿಯವರೆಗೆ ಕಾಗದದಲ್ಲೇ ಬರೆಯಬೇಕು. ಕಳೆದ ಚಳಿಗಾಲದಲ್ಲಿ ಬರೆದೆ. ಕೈ ಹಳೆಯ ಅಭ್ಯಾಸದಂತೆ ಡಾಕ್‌ನ ಸಮಯವನ್ನು ಸ್ಲೀಪರ್ ಗೆರೆಗೆ ಎಳೆಯಲು ಹೊರಟಿತ್ತು. ಹಾಳೆ ಹರಿದು ಹೊಸದು ತೆಗೆದುಕೊಂಡೆ.